ಕರೆವ್ವನ ಬಿರುಕು

ಬಿರುಕು ಇರಲಿಲ್ಲ.

ಹನಮಂತಪ್ಪ ಪೂಜಾರ ಮತ್ತೊಮ್ಮೆ ಬಗ್ಗಿ ನೋಡಿದ. ಬಲಗಿವಿಯ ಬುಡದಿಂದ ಹೊರಟು, ಕೊರಳನ್ನು ಅಡ್ಡ ಹಾಯ್ದು, ಎಡಭುಜದವರೆಗೆ ಇಳಿದಿರಬೇಕಾಗಿತ್ತು ಅದು. ಎಲ್ಲಿ ಸೊಟ್ಟ ತಿರುಗುತ್ತದೆ, ಎಲ್ಲಿ ಕೂದಲೆಳೆಯಷ್ಟು ಸಣ್ಣದಾಗುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಅಂಥ ಬಿರುಕು ಎಲ್ಲಿ ಹೋಯಿತು? ತಾನಾಗಿ ಕೂಡಿಕೊಳ್ಳಲು ಅದೇನು ದನದ ಮೈಮೇಲಿನ ಗಾಯವೇ?

"ಏನಂತೀರಿ ಪೂಜಾರರ? ನಿಮ್ಮ ಕರೆವ್ವ ಹೌದಲ್ರಿ?"

ಕೇಳಿದವರು ಇನ್ಸ್‌ಪೆಕ್ಟರ್ ಜಹೀರುದ್ದೀನ ಸಾಹೇಬರು. ಧಾರವಾಡದ ಪೊಲೀಸ್ ಕಚೇರಿಯ ಹಿಂಬದಿಯಲ್ಲಿ ಜಪ್ತಿ ಮಾಡಿದ ಮಾಲು ಇಡುವ ಕೋಣೆ ಅದು. ಒಂದು ಮೂಲೆಯಲ್ಲಿ ಕಳವಿನ ಸೈಕಲ್ಲುಗಳು ಒಂದರ ಮೇಲೊಂದು ಬಿದ್ದಿದ್ದವು, ಇನ್ನೊಂದು ಮೂಲೆಯಲ್ಲಿ ಕಳ್ಳಭಟ್ಟಿಯ ಕೊಡಗಳು. ನಡುವೆ ಕಟ್ಟಿಗೆಯ ಪೆಟ್ಟಿಗೆಯೊಂದರ ಮೇಲೆ, ಎರಡು ಮೊಳದೆತ್ತರದ ಕಲ್ಲಿನ ದೇವಿ. ಆಕೆಯ ಮೇಲೆ ಹೊದಿಸಿದ್ದ ಬಿಳಿ ಚಾದರವನ್ನು ಪೇದೆ ಯಲ್ಲಪ್ಪ ಆಗಷ್ಟೇ ಸೆಳೆದು ಕಂಕುಳಲ್ಲಿ ಇಟ್ಟುಕೊಂಡಿದ್ದ.

ಚಾದರ ಸರಿದ ಕೂಡಲೇ ಹನಮಂತಪ್ಪ ನಾಚಿಕೆಯಿಂದ ಮುಖ ತಿರುಗಿಸಿದ್ದ. ಮೈಮೇಲೆ ಒಂದೆಳೆ ನೂಲಿಲ್ಲದೆ ಕುಳಿತ ಹೆಣ್ಣುದೇವರ ಸುತ್ತ ಗಂಡಸರು ಬೂಟುಗಾಲಲ್ಲಿ ನಿಂತಿದ್ದರು. ಊರಲ್ಲಿ ಕರೆವ್ವನ ಮೈ ತೊಳೆಯುವಾಗ ಗರ್ಭಗುಡಿಗೆ ಪರದೆ ಬೀಳುತ್ತಿತ್ತು. ಸೀರೆ ಉಡಿಸಿ, ಹಣೆಗೆ ಕುಂಕುಮವಿಟ್ಟ ಮೇಲೆಯೇ ಅದು ಸರಿಯುವುದು. ಆಕೆಯ ಬರಿಮೈ ಕಂಡವರು ಪೂಜಾರ ಮನೆತನದವರು ಮಾತ್ರ. ಈಗ ಆ ಮನೆತನದಲ್ಲಿ ಉಳಿದ ಗಂಡಸು ಹನಮಂತಪ್ಪ ಒಬ್ಬನೇ. ಆಮೇಲೆ ಅವನಿಗೇ ಅನಿಸಿತು, ಈಕೆ ನಮ್ಮಾಕೆ ಹೌದೋ ಅಲ್ಲವೋ ಇನ್ನೂ ಗೊತ್ತಿಲ್ಲ, ಇಷ್ಟರಲ್ಲೇ ನನಗ್ಯಾಕೆ ನಾಚಿಕೆ? ಹಾಗೆ ಧೈರ್ಯ ತಂದುಕೊಂಡೇ ಅವನು ಬಗ್ಗಿದ್ದು, ಬಿರುಕು ಹುಡುಕಿದ್ದು.

"ಮಾರಿ ನೋಡಿದ್ರ ನಮ್ಮಾಕಿದ ಐತ್ರಿ," ಎಂದ. "ಕೈಯಾಗಿನ ಬಟ್ಟಲಾನೂ ಹೌದು. ಆದ್ರ ನಮ್ಮಾಕಿ ಅಗದಿ ಕರ್ರಗ ಮಿಂಚತಿದ್ಲರಿ. ಇಕಿ ಬೂದಿ ಬಡದಂಗ ಅದಾಳ."

"ಎಣ್ಣಿ ತಗದಾರ್ರಿ. ಲಂಡನ್ನಿನಾಗ ತೊಳದು ಒರಸಿ ಇಟ್ಟಿದ್ರು."

"ತೊಳದ್ರ ಬಿರುಕು ಹೋಕ್ಕೈತೇನ್ರಿ?"

ಸಾಹೇಬರು ಪೆನ್ನು ಕೆಳಗಿಟ್ಟರು. "ಯಾವ ಬಿರುಕು?"

ಹನಮಂತಪ್ಪ ಬಗಲಲ್ಲಿದ್ದ ಕೈಚೀಲವನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡ. ಬೆಳಿಗ್ಗೆ ಹೆಂಡತಿ ಬಸಕ್ಕ ಕೊಟ್ಟು ಕಳಿಸಿದ ಚೀಲ. ಅದರಲ್ಲಿ ಕರೆವ್ವನ ಹಳೆಯ ಹಸಿರು ಇಳಕಲ್ ಸೀರೆ ಇತ್ತು. "ಅಕಿನ ಹೌದಾದ್ರ ಉಡಸ್ರಿ, ಅಲ್ಲಾದ್ರ ಹಂಗ ವಾಪಸ್ ತರ್ರಿ, ಯಾರಿಗೂ ತೋರಸಬ್ಯಾಡ್ರಿ," ಎಂದು ಹೇಳಿ ಒಳಗೆ ಹೋಗಿದ್ದಳು.

ಬಿರುಕಿನ ಕಥೆ ಹೇಳಬೇಕೆಂದರೆ ಫೋಟೋ ಸಾಹೇಬನಿಂದ ಶುರು ಮಾಡಬೇಕು. ನಾಲ್ಕು ವರ್ಷದ ಹಿಂದೆ, ಹತ್ತಿ ಬಿಡಿಸುವ ದಿನಗಳಲ್ಲಿ, ಅಮರಗೊಪ್ಪದ ಗೌಡರಾದ ಈರಬಸಪ್ಪನವರ ಮನೆಮುಂದೆ ಒಂದು ಕಾರು ಬಂದು ನಿಂತಿತು. ಕೊರಳಲ್ಲಿ ಎರಡು ಕ್ಯಾಮೆರಾ ಹಾಕಿಕೊಂಡವನೊಬ್ಬ ಇಳಿದ. ಹಳೇ ಗುಡಿಗಳ ಫೋಟೋ ತೆಗೆದು ಪುಸ್ತಕ ಮಾಡುತ್ತೇನೆಂದ. ರೊಟ್ಟಿ, ಬದನೆಕಾಯಿ ಎಣಗಾಯಿ ತಿನ್ನುತ್ತ ಗೌಡರ ಮನೆಯಲ್ಲಿ ಒಂದು ವಾರ ಉಳಿದ. ಊರಿನವರಿಗೆ ಅವನನ್ನು ಕಂಡರೆ ಬಹಳ ಇಷ್ಟ. ಚಪ್ಪಲಿಯನ್ನು ಗುಡಿಯಿಂದ ಎಷ್ಟೋ ದೂರ ಬಿಡುತ್ತಿದ್ದ. ಕರೆವ್ವನ ಮುಂದೆ ಮಕ್ಕಳಂತೆ ಅಡ್ಡಬೀಳುತ್ತಿದ್ದ. ಮಂಗಳಾರತಿಯಾಗುವಾಗ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಅದನ್ನು ಹನಮಂತಪ್ಪನೇ ಕಣ್ಣಾರೆ ಕಂಡಿದ್ದ. ಒಂದು ಮಧ್ಯಾಹ್ನ ಎಲ್ಲರೂ ಹತ್ತಿ ಹೊಲದಲ್ಲಿದ್ದಾಗ ಗುಡಿಯಲ್ಲಿ ಒಬ್ಬನೇ ಕುಳಿತು ಜಪ ಮಾಡುತ್ತೇನೆಂದ. ಜಪ ಮಾಡುವವನನ್ನು ಬೇಡವೆನ್ನಲು ಬರುತ್ತದೆಯೇ?

ಮರುದಿನ ಬೆಳಿಗ್ಗೆ ಪರದೆ ಇಳಿಬಿಟ್ಟು ಎಣ್ಣೆ ಸವರಲು ಹೋದ ಹನಮಂತಪ್ಪನಿಗೆ ಬಿರುಕು ಕಂಡಿತು. ಎಣ್ಣೆಯ ಬಟ್ಟಲು ಕೈತಪ್ಪಿ ಬಿತ್ತು. ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತ. ಕೊನೆಗೆ ಅವನ ಬಾಯಿಂದಲೇ ಊರಿಗೆ ಸುದ್ದಿ ಹೋಯಿತು, ಅವ್ವ ಭಿನ್ನ ಆಗ್ಯಾಳ.

ಭಿನ್ನವಾದ ಮೂರ್ತಿಗೆ ಪೂಜೆ ಸಲ್ಲುವುದಿಲ್ಲ. ಅದನ್ನು ನೀರಿಗೆ ಬಿಡಬೇಕು. ಯಾರನ್ನು ಕೇಳಿದರೂ ಇದೇ ಮಾತು. ಫೋಟೋ ಸಾಹೇಬನೂ ತಲೆಮೇಲೆ ಕೈಹೊತ್ತು ಕುಳಿತು ಇದನ್ನೇ ಅಂದ. ಇಷ್ಟು ದಿನ ಈ ಊರಿನ ಅನ್ನ ತಿಂದಿದ್ದೇನೆ, ಹೊಸ ದೇವಿಯನ್ನು ನಾನೇ ತರಿಸಿಕೊಡುತ್ತೇನೆ ಎಂದೂ ಅಂದ. ತರಿಸಿಯೂ ಕೊಟ್ಟ. ಜೈಪುರದಿಂದ ಲಾರಿಯಲ್ಲಿ ಬಂದಳು, ಹಾಲುಬಿಳುಪಿನ ಅಮೃತಶಿಲೆಯಾಕೆ. ಹೆಸರು ಮಾತ್ರ ಕರೆವ್ವ. ಪೀಠದ ಮೇಲೆ ಗೌಡರ ಹೆಸರು ಕೊರೆಸಿದರು.

ಹಳೆಯ ಕರೆವ್ವನನ್ನು ಊರು ಹಾಗೇ ಕಳಿಸಲಿಲ್ಲ. ಹೆಣ್ಣುಮಕ್ಕಳೆಲ್ಲ ಸೇರಿ, ಗಂಡನ ಮನೆಗೆ ಹೊರಟ ಮಗಳಿಗೆ ತುಂಬುವಂತೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಕಣ ಹಾಕಿ ಉಡಿ ತುಂಬಿದರು. ಬಸಕ್ಕ ದನಿ ತೆಗೆದು ಅತ್ತಳು. ಸೀರೆಯಲ್ಲಿ ಮುಖ ಮುಚ್ಚಿದ ದೇವಿಯನ್ನು ಕುರಿ ಕಾಯುವ ಮೈಲಾರಪ್ಪ ಹಗ್ಗ ಸುತ್ತಿ ಬೆನ್ನ ಮೇಲೆ ಹೊತ್ತು ಕುಡಿಯುವ ನೀರಿನ ಕೆರೆಗೆ ಇಳಿದ. ಎದೆಮಟ್ಟದ ನೀರಿಗೆ ಹೋಗಿ ಮೆಲ್ಲಗೆ ಇಳಿಬಿಟ್ಟ. ಆ ನೀರನ್ನೇ ಊರು ನಾಲ್ಕು ವರ್ಷ ಕುಡಿಯಿತು, ಅವ್ವ ಅದರಲ್ಲಿದ್ದಾಳೆಂದು.

"ಇದ್ದಿಲ್ಲ," ಎಂದರು ಜಹೀರುದ್ದೀನ ಸಾಹೇಬರು. ಅಲ್ಲಿಯವರೆಗೆ ಅವರು ಒಂದು ಮಾತೂ ನಡುವೆ ಹಾಕದೆ ಕೇಳಿದ್ದರು. "ಒಂದು ದಿನಾನೂ ಇದ್ದಿಲ್ಲ, ಪೂಜಾರರ. ಆ ಫೋಟೋದವನ ಕಾರಿನ ಡ್ರೈವರ್ ಸಿಕ್ಕಾನ. ನೀವು ಕೆರಿಗೆ ಬಿಟ್ಟು ಮನಿಗೆ ಹೋಗೂದ ತಡ, ಎತ್ತಿಕೊಂಡು ಹೋದ್ವಿ ಅಂತ ಬಾಯಿ ಬಿಟ್ಟಾನ. ಬೊಂಬಾಯಿದಾಗ ಪೆಟಗಿಗೆ ತುಂಬಿ, ಮ್ಯಾಲ ಹೊಸಾ ಒಳ್ಳು ಅಂತ ಬರದು ಹಡಗಿಗೆ ಹಾಕ್ಯಾರ."

"ಒಳ್ಳು?" ಹನಮಂತಪ್ಪನಿಗೆ ಅದೇ ಹೆಚ್ಚು ಚುಚ್ಚಿತು. "ಖಾರಾ ಕುಟ್ಟೂ ಒಳ್ಳು?"

"ಹೌದ್ರಿ. ಲಂಡನ್ನಿನ ಬಂದರದಾಗ ಯಾರಿಗೋ ಸಂಶೇ ಬಂದು ಪೆಟಗಿ ಒಡದು ನೋಡ್ಯಾರ. ಆ ಸರಕಾರದವ್ರು ವಾಪಸ್ ಕಳಿಸ್ಯಾರ. ಈಗ ನೀವು ಇದು ನಮ್ಮ ಊರಿಂದು ಅಂತ ಹೇಳಬೇಕು. ಹೇಳಿದ್ರ ಅವನ ಮ್ಯಾಲ ಕೇಸ್ ನಿಲ್ತೈತಿ, ಅವ್ವ ನಿಮ್ಮ ಊರಿಗೆ ಬರ್ತಾಳ. ಹೇಳಲಿಲ್ಲಂದ್ರ ಅವನ ವಕೀಲ ಇದು ಮೊನ್ನಿ ಮೊನ್ನಿ ಕೆತ್ತಿದ್ದು ಅಂತಾನ. ಅವ ಬಿಡುಗಡೆ, ಇಕಿ ಯಾವುದೋ ಗೋದಾಮಿಗೆ."

"ಮತ್ತ ಬಿರುಕು?"

"ಬಿರುಕು ಇದ್ದಿಲ್ಲ ಅಂತ ಹೇಳಾಕತ್ತೀನಲ್ರಿ. ರಾಳಾ, ಬೂದಿ ಕಲಿಸಿ ಕಡ್ಡೀಲೆ ಗೆರಿ ಎಳದಾನ. ಬರೇ ನೀರಿಗೆ ಹೋಗೂದಿಲ್ಲ ಅದು, ಲಂಡನ್ನಿನಾಗ ಔಷಧ ಹಾಕಿ ತೊಳದ ಕೂಡಲೇ ಹೋಗೇತಿ. ಇನ್ನೊಂದು ಊರಾಗೂ ಇದ ಆಟಾ ಹೂಡ್ಯಾನ."

ಹನಮಂತಪ್ಪ ದೇವಿಯನ್ನು ನೋಡಿದ, ಸಾಹೇಬರನ್ನು ನೋಡಿದ, ಮತ್ತೆ ದೇವಿಯನ್ನು ನೋಡಿದ. ತಲೆ ಗಿರ್ರೆಂದಿತು. "ಒಂಚೂರು ಹೊರಗ ಹೋಗಿ ಬರ್ತೀನ್ರಿ," ಎಂದು, ಎಲ್ಲಿ ಕಾಲಿಡುತ್ತಿದ್ದೇನೆಂದೂ ನೋಡದೆ, ಗೋಡೆ ಹಿಡಿದು ತಡವರಿಸುತ್ತ ಕೋಣೆ ದಾಟಿದ.

ಹೊರಗೆ ಬೇವಿನ ಗಿಡದ ಕೆಳಗೆ ಮೈಲಾರಪ್ಪ ಕಂಬಳಿ ಹಾಸಿಕೊಂಡು ಕುಳಿತಿದ್ದ. ಅವನನ್ನು ಬೆಳಿಗ್ಗೆಯೇ ಒಳಗೆ ಕರೆದು ಕೇಳಿ ಕಳಿಸಿದ್ದರು. "ನಾ ಹೊತ್ತಾಂವ್ರಿ, ತೂಕ ಕೇಳಿದ್ರ ಹೇಳ್ತೀನಿ, ಮಾರಿ ಕೇಳಬ್ಯಾಡ್ರಿ," ಎಂದು ಹೇಳಿ ಅವನು ಕೈತೊಳೆದುಕೊಂಡಿದ್ದ. ಇಬ್ಬರೂ ಕಚೇರಿಯೆದುರಿನ ಚಹಾದಂಗಡಿಗೆ ಹೋದರು. ಹನಮಂತಪ್ಪ ಬಸಿ ತಟ್ಟೆಗೆ ಚಹಾ ಸುರಿದುಕೊಂಡ, ಕುಡಿಯಲಿಲ್ಲ.

"ಏನಾತೋ ಹನಮಂತಣ್ಣ? ಅಕಿನ ಏನು?"

"ತಿಳೀವಲ್ದು."

"ನಿನಗ ತಿಳೀಲಿಲ್ಲಂದ್ರ ಯಾರಿಗೆ ತಿಳೀಬೇಕಲೇ?"

"ಬಿರುಕು ಇಲ್ಲೋ ಮೈಲಾರಿ. ಅದು ಬಿರುಕ ಅಲ್ಲಂತ. ರಾಳದ ಗೆರಿ ಅಂತ."

ರಾಳ ಎಂದ ಕೂಡಲೇ ಅವನ ಮೂಗಿಗೆ ಆ ಬೆಳಗಿನ ವಾಸನೆ ಬಂದಂತಾಯಿತು. ಅಂದು ಗರ್ಭಗುಡಿಯಲ್ಲಿ ಏನೋ ಘಾಟು ಇತ್ತು. ಫೋಟೋ ಸಾಹೇಬ ಜಪಕ್ಕೆ ಲೋಬಾನ ಹಾಕಿರಬೇಕೆಂದುಕೊಂಡಿದ್ದ. ಬಿರುಕಿನ ಮೇಲೆ ಒಮ್ಮೆ ಬೆರಳಿಟ್ಟೂ ನೋಡಿದ್ದ. ಒಮ್ಮೆ ಮಾತ್ರ, ಅವ್ವನಿಗೆ ನೋವಾದೀತೆಂದು. ಬೆರಳಿಗೆ ಅದು ನೂಲಿನಂತೆ ಎದ್ದು ತಾಗಿತ್ತು. ಬಿರುಕು ಒಳಗೆ ತಗ್ಗಾಗಿರಬೇಕು, ಮೇಲೆ ಎದ್ದಿರುತ್ತದೆಯೇ ಎಂದು ಅವನಿಗೆ ಆವತ್ತು ಹೊಳೆಯಲಿಲ್ಲ. ಹೆದರಿದವನಿಗೆ ಏನು ತಾನೇ ಹೊಳೆಯುತ್ತದೆ? ಅಥವಾ ಈಗ ಸಾಹೇಬರು ಹೇಳಿದ ಮೇಲೆ ಬೆರಳಿಗೆ ಹಾಗೆ ನೆನಪಾಗುತ್ತಿದೆಯೋ? ಅದೂ ಅವನಿಗೆ ತಿಳಿಯಲೊಲ್ಲದು.

ಮೈಲಾರಪ್ಪ ತನ್ನ ಬಸಿಯನ್ನು ಕೆಳಗಿಟ್ಟ. ಆಮೇಲೆ ತಗ್ಗಿದ ದನಿಯಲ್ಲಿ ಅಂದ: "ನಿನಗೊಂದು ಹೇಳೂದೈತಿ. ಯಾರ ಮುಂದೂ ಅಂದಿಲ್ಲ. ಅಕಿನ್ನ ನೀರಾಗ ಇಳಿಬಿಡಾಗ ಹಗ್ಗಾ ಬಿಚ್ಚಾಕ ಹೋದ್ನಿ. ಬಿಚ್ಚಬ್ಯಾಡ, ಹಂಗ ಬಿಡೂದು ಶಾಸ್ತ್ರ ಅಂದ ಆ ಫೋಟೋ ಸಾಹೇಬ. ಆತು ಬಿಡು ಅಂತ ಬಿಟ್ಟು ಬಂದ್ನಿ. ಮುಂದ ಬ್ಯಾಸಿಗ್ಯಾಗ ಕೆರಿ ಮೊಣಕಾಲಮಟ ಇಳೀತಲ್ಲ, ಆವಾಗ ಕಾಲಿಗೆ ತಾಗಿದ್ರ ನಮಸ್ಕಾರ ಮಾಡೂಣು ಅಂತ ಹುಡುಕಿದ್ನಿ. ಸಿಗಲಿಲ್ಲ."

"ಅಂದಿಲ್ಲಲ್ಲೋ ನೀ ಒಂದಿನಾನೂ!"

"ಏನಂತ ಅನ್ನಲಿ? ಅವ್ವ ನೀರಾಗ ಕರಗ್ಯಾಳ ಅನ್ಕೊಂಡ್ನಿ. ಕಲ್ಲು ಕರಗತೈತೇನು ಅಂತ ಕೇಳಬ್ಯಾಡ. ದೇವರ ಕಲ್ಲು, ಕರಗಿದ್ರೂ ಕರಗೀತು ಅಂತ ಸಮಾಧಾನ ಮಾಡ್ಕೊಂಡ್ನಿ."

ಹನಮಂತಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಮರಗೊಪ್ಪದಲ್ಲಿ ಬೊಂಬಾಯಿ ಕಂಡವರು ಯಾರಾದರೂ ಇದ್ದರೆ ಅದು ಗೌಡರು, ಅದೂ ಒಮ್ಮೆ. ಕರೆವ್ವ ಸಮುದ್ರ ದಾಟಿ ಹೋಗಿ ಬಂದಿದ್ದಳು. ಅಲ್ಲಿ ಯಾರು ಕೈ ಹಚ್ಚಿದರೋ, ಯಾರು ಎಣ್ಣೆ ಒರೆಸಿದರೋ, ಯಾವ ಚಳಿಯಲ್ಲಿ ಬರಿಮೈಯಲ್ಲಿ ಕುಳಿತಿದ್ದಳೋ. ಈಕೆ ಆಕೆಯೇ ಆಗಿದ್ದರೆ, ಗಟ್ಟಿಮುಟ್ಟಾಗಿದ್ದ ತಾಯಿಯನ್ನು ಭಿನ್ನವಾಗಿದ್ದಾಳೆಂದು ಹೇಳಿ ಮನೆಯಿಂದ ಹೊರಹಾಕಿದವನು ಯಾರು? ಫೋಟೋ ಸಾಹೇಬ ಗೆರೆ ಎಳೆದ, ನಿಜ. ಆದರೆ ಕಂಡೆನೆಂದು ಊರಿಗೆ ಸಾರಿದ್ದು ಹನಮಂತಪ್ಪನ ಬಾಯಿ.  ಈಕೆ ಆಕೆ ಅಲ್ಲದಿದ್ದರೇ ಚೆನ್ನು ಎಂದು ಒಂದು ಗಳಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೆಯೇ ಅವನಿಗೆ ನಾಚಿಕೆಯಾಯಿತು.

ಗೌಡರ ಮಾತು ಬೇರೆ ಇತ್ತು. ಹೋದ ವಾರ ಊರಿಗೆ ಪೊಲೀಸ್ ಜೀಪು ಬಂದಾಗ, ರೈತರ ಬಂಡಾಯದ ವರ್ಷದ ಲಾಠಿಯೇಟು ನೆನಪಿದ್ದ ಗಂಡಸರೆಲ್ಲ ಜೋಳದ ಹೊಲ ಹೊಕ್ಕಿದ್ದರು. ಗೌಡರೊಬ್ಬರೇ ನಿಂತು ಮಾತಾಡಿದ್ದು. ಇವತ್ತು ಬೆಳಿಗ್ಗೆ ಬಸ್ಸು ಹತ್ತುವಾಗ ಅವರು ಹನಮಂತಪ್ಪನ ಹೆಗಲ ಮೇಲೆ ಕೈಯಿಟ್ಟಿದ್ದರು. "ನೋಡಪಾ, ವಿಚಾರ ಮಾಡಿ ಮಾತಾಡು. ಒಂದು ಗುಡಿಯಾಗ ಇಬ್ಬರು ಕರೆವ್ವ ಆಗೂದಿಲ್ಲ. ಪ್ರಾಣ ಪ್ರತಿಷ್ಠೆ ಮಾಡಿ ಕುಂದ್ರಿಸಿದಾಕಿನ್ನ ಎಬ್ಬಸತಿ ಏನು? ಇಷ್ಟ ವರ್ಷ ಬೇಡಿಕೊಂಡಿದ್ದು ಕೊಟ್ಟಾಳ. ನನ್ನ ಮೊಮ್ಮಗ ಹುಟ್ಟಿದ್ದು ಅಕಿ ಕಡಿಂದ. ನಿನ್ನ ಮಗಳ ಮದಿವಿ ಆಗಿದ್ದೂ ಅಕಿ ಮುಂದ. ಇದು ಅಲ್ಲ ಅಂತ ಹೇಳಿ ಬಂದುಬಿಡು, ಎಲ್ಲಾರಿಗೂ ಚಲೋ."

ಗೌಡರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ತೊಂದರೆ. ಬಿಳಿಯಾಕೆಯ ಮುಂದೆ ಹರಕೆ ಹೊತ್ತವರಿಗೆ ಒಳ್ಳೆಯದಾಗಿತ್ತು. ಹಾಗಾದರೆ ಆಕೆ ಯಾರು? ಕಳ್ಳ ತಂದಿಟ್ಟ ಕಲ್ಲು ಮಗು ಕೊಡುತ್ತದೆಯೇ? ಒಂದು ಮಾತ್ರ ಹನಮಂತಪ್ಪನಿಗೆ ಗೊತ್ತಿತ್ತು. ಬಿಳಿಯಾಕೆಗೆ ಅವನಿಂದ ಆಗಬೇಕಾದ್ದೇನೂ ಇರಲಿಲ್ಲ. ಸೀರೆಯೂ ಅಮೃತಶಿಲೆಯದೇ, ಬಳೆಯೂ ಅಮೃತಶಿಲೆಯದೇ, ಹಣೆಯ ಕುಂಕುಮವನ್ನೂ ಜೈಪುರದಲ್ಲೇ ಬಣ್ಣದಲ್ಲಿ ಬರೆದು ಕಳಿಸಿದ್ದರು. ನಾಲ್ಕು ಚೊಂಬು ನೀರು ಹಾಕಿದರೆ ಮುಗಿಯಿತು. ಪರದೆ ಮಡಚಿ ಅಟ್ಟಕ್ಕೆ ಹೋಗಿತ್ತು.

ಇನ್ನೊಂದು ಸಂಗತಿ ಬಸಕ್ಕ ಕಂಡುಹಿಡಿದದ್ದು. ಪೂಜೆ ಮುಗಿಸಿ ಹೊರಡುವಾಗ ಕರೆವ್ವನಿಗೆ ಬೆನ್ನು ತೋರಿಸಬಾರದು. ಹನಮಂತಪ್ಪನ ಅಜ್ಜ, ಅಪ್ಪ ಎಲ್ಲ ಕೈಮುಗಿದುಕೊಂಡು ಹಿಮ್ಮುಖವಾಗಿಯೇ ಹೊರಬರುತ್ತಿದ್ದರು, ಹೊಸ್ತಿಲನ್ನು ಹಿಮ್ಮಡಿಯಿಂದ ಗುರುತು ಹಿಡಿದು. ಅವನೂ ಅಷ್ಟೇ, ಆ ಹೊಸ್ತಿಲಿಗೆ ಒಂದು ದಿನವೂ ಎಡವಿದವನಲ್ಲ. ಬಿಳಿಯಾಕೆ ಬಂದು ಸ್ವಲ್ಪ ದಿನವಾದ ಮೇಲೆ ಬಸಕ್ಕ ನೈವೇದ್ಯ ತಂದು ಬಾಗಿಲಲ್ಲಿ ನಿಂತಿದ್ದಳು. ಗಂಡ ಎಲ್ಲರಂತೆ ಬೆನ್ನು ತಿರುಗಿಸಿ ಚೊಂಬು ಬೀಸುತ್ತ ಹೊರಬಂದ. "ಅಲ್ರಿ, ಅವ್ವಗ ಬೆನ್ನ ತೋರ್ಸಿ ಬರಾಕತ್ತೀರಲ್ಲ!" ಎಂದಳು. ಅವನು ಗಾಬರಿಯಾಗಿ ತಿರುಗಿ ಕೈಮುಗಿದ, ಮರುದಿನ ಎಚ್ಚರದಿಂದ ಹಿಂದಕ್ಕೆ ಹೆಜ್ಜೆ ಇಟ್ಟ, ಅದರ ಮರುದಿನ ಮತ್ತೆ ಮರೆತ. ಮುದಿತನ ಹತ್ತಿರ ಬಂತೆಂದು ಬಸಕ್ಕ ಗೊಣಗಿದಳು. ಆಮೇಲೆ ಅದನ್ನು ಅವಳೂ ಬಿಟ್ಟಳು.

"ಚಾ ಆರಿ ನೀರಾತು," ಎಂದ ಮೈಲಾರಪ್ಪ. "ಹೋಗು. ಏನರ ಒಂದು ಹೇಳಿ ಬಾ. ಬಸ್ಸು ತಪ್ಪಿದ್ರ ಇಲ್ಲೇ ಬೀಳಬೇಕಾಕ್ಕೈತಿ."

ಹನಮಂತಪ್ಪ ಮತ್ತೆ ಆ ಕೋಣೆಗೆ ಬಂದಾಗ ಜಹೀರುದ್ದೀನ ಸಾಹೇಬರು ಬೂಟು ಕಳಚಿ ಹೊರಗಿಟ್ಟಿದ್ದರು.  ಈ ಮನುಷ್ಯನಿಗೆ ಇಲ್ಲ ಎನ್ನುವುದು ಕಷ್ಟ. ಹೌದು ಎನ್ನುವುದೂ ಸುಲಭವಲ್ಲ. ಆಣೆ ಮಾಡಿ ಹೇಳಬೇಕು, ಕೋರ್ಟಿನಲ್ಲಿ ಮತ್ತೆ ಆಣೆ ಮಾಡಿ ಅದನ್ನೇ ಹೇಳಬೇಕು. ಒಮ್ಮೆ ಕಂಡದ್ದನ್ನು ಕಂಡೆನೆಂದು ಹೇಳಿಯೇ ಇಷ್ಟಾಗಿದೆ. ಈ ಸಲ ಇನ್ನೊಬ್ಬರ ಮಾತು ನಂಬಿ ಹೌದು ಎಂದುಬಿಟ್ಟರೆ, ನಾಳೆ ಅದೂ ಸುಳ್ಳಾದರೆ? ಯಾವ ಊರಿನ ಯಾರ ಅವ್ವನನ್ನೋ ತಂದು ಕೂರಿಸಿಕೊಂಡಂತಾದರೆ?

ಅವನು ದೇವಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಮುಖವನ್ನೇ ನೋಡಿದ. ಇಷ್ಟು ವರ್ಷ ತೊಳೆದ ಮುಖ ಇದಾಗಿದ್ದರೆ ಒಳಗೆ ಏನಾದರೂ ಆಗಬೇಕಿತ್ತು. ಮೈ ಜುಮ್ಮೆನ್ನಬೇಕಿತ್ತು, ಕಣ್ಣಲ್ಲಿ ನೀರಾದರೂ ಬರಬೇಕಿತ್ತು. ಏನೂ ಆಗಲಿಲ್ಲ. ಎಣ್ಣೆಯಿಲ್ಲದ, ಅರಿಶಿನವಿಲ್ಲದ ಬೂದುಬಣ್ಣದ ಕಲ್ಲು ಅವನನ್ನು ದಾಟಿ ಸೈಕಲ್ಲುಗಳತ್ತ ನೋಡುತ್ತಿತ್ತು. ಅವ್ವಾ, ನೀನ ಹೌದಾದ್ರ ಹೇಳವಾ ಎಂದು ಮನಸ್ಸಿನಲ್ಲೇ ಬೇಡಿದ. ಹೊರಗೆ ಯಾರೋ ಜೀಪು ಚಾಲು ಮಾಡಲು ಒದ್ದಾಡುತ್ತಿದ್ದ ಸದ್ದು ಕೇಳಿತು, ಅಷ್ಟೇ.

"ಹೇಳ್ರಿ ಪೂಜಾರರ."

"ಅಲ್ಲರಿ," ಎಂದ ಹನಮಂತಪ್ಪ. ದನಿ ಅವನದೇ ಅನಿಸಲಿಲ್ಲ. "ನನಗ ಗುರ್ತು ಹತ್ತವಲ್ದು. ನಮ್ಮಾಕಿಗೆ ಬಿರುಕಿತ್ತು. ಅಷ್ಟ ನಾ ಕಂಡದ್ದು. ಕಂಡದ್ದಷ್ಟ ಹೇಳ್ತೀನ್ರಿ."

 ಸಾಹೇಬರು ಒತ್ತಾಯ ಮಾಡಲಿಲ್ಲ. "ಆತು ಬಿಡ್ರಿ," ಎಂದು ಉಸಿರುಬಿಟ್ಟು ಕಾಗದ ಮುಂದಕ್ಕೆಳೆದುಕೊಂಡರು. "ನಿಮ್ಮ ಮನಸಿಗೆ ಬರಲಾರದ್ದು ನಾ ಬರಕೊಳ್ಳೂದು ಬ್ಯಾಡ. ಹೊರಗ ಕುಂದರ್ರಿ, ಬರದು ಮುಗಿಸಿ ಕರೀತೀನಿ, ಹೆಬ್ಬೆಟ್ಟು ಒತ್ತಿ ಹೋಗೀರಂತ. ಯಲ್ಲಪ್ಪ, ಚಾದರ ಹೊಚ್ಚಿಬಿಡು."

ಹನಮಂತಪ್ಪ ಎದ್ದ. ಚೀಲವನ್ನು ಬಗಲಿಗೆ ಸೇರಿಸಿದ, ಕೈಮುಗಿದ, ಹೊರಟ. ಮುಗಿಯಿತಲ್ಲ ಎಂದು ತಲೆ ಹಗುರವಾಗಿತ್ತು. ಬಸ್ಸಿನ ವೇಳೆ ಎಷ್ಟಿದ್ದೀತು, ಗೌಡರಿಗೆ ಏನು ಹೇಳಬೇಕು, ಬಸಕ್ಕನ ಮುಂದೆ ಈ ಚೀಲ ಹೇಗೆ ಇಳಿಸಬೇಕು ಎಂದು ಯೋಚಿಸುತ್ತ ಅವನು ನಡೆಯುತ್ತಿದ್ದ. ಚಾದರ ಬಿಡಿಸುತ್ತಿದ್ದ ಯಲ್ಲಪ್ಪ ಕೈ ನಿಲ್ಲಿಸಿ ಅವನನ್ನೇ ನೋಡಿದ. ಸಾಹೇಬರೂ ಪೆನ್ನಿನಿಂದ ತಲೆಯೆತ್ತಿದರು.

"ಯಜಮಾನ್ರ," ಎಂದ ಯಲ್ಲಪ್ಪ ನಗು ತಡೆದುಕೊಂಡು, "ಬಾಗಲಾ ನಿಮ್ಮ ಹಿಂದೈತಿ. ತಿರುಗಿ ಹೋಗ್ರಿ, ಬಿದ್ದೀರಿ."

ಹನಮಂತಪ್ಪನ ಹಿಮ್ಮಡಿಗೆ ಹೊಸ್ತಿಲು ತಾಗಿತು. ಅವನು ನಿಂತ. ತನ್ನ ಕೈಗಳನ್ನು ನೋಡಿಕೊಂಡ. ಅವು ಇನ್ನೂ ಎದೆಯ ಹತ್ತಿರ ಮುಗಿದೇ ಇದ್ದವು. ಎದುರಿಗೆ, ಕೋಣೆಯ ನಡುವೆ, ಅವನು ಬಿಟ್ಟುಬಂದ ದೇವಿ ಅವನ ಕಣ್ಣಿಗೆ ನೇರವಾಗಿ ಕುಳಿತಿದ್ದಳು.

ಯಲ್ಲಪ್ಪ ಹೇಳಿದಂತೆ ತಿರುಗಲು ನೋಡಿದ. ನಿಜವಾಗಿಯೂ ಪ್ರಯತ್ನಪಟ್ಟ. ಹೆಗಲು ಒಂದಿಷ್ಟು ಹೊರಳಿತು, ಕಾಲು ಹೊರಳಲಿಲ್ಲ. ಹುಲ್ಲು ಮೇಯುವ ಎತ್ತನ್ನಾದರೂ ಎಳೆದು ತಿರುಗಿಸಬಹುದು, ಆ ಕಾಲುಗಳು ಬರಲೇ ಇಲ್ಲ.  ಜಹೀರುದ್ದೀನ ಸಾಹೇಬರು ಕಾಗದದ ಮೇಲಿನಿಂದ ಪೆನ್ನನ್ನು ತೆಗೆದು, ಸದ್ದಾಗದಂತೆ ಪಕ್ಕದಲ್ಲಿಟ್ಟರು.

"ಸಾಹೇಬ್ರ."

"ಹೇಳ್ರಿ."

 ಗೌಡರಿಗೆ ಏನು ಹೇಳಬೇಕೋ, ಬಿಳಿಯಾಕೆಯನ್ನು ಎಲ್ಲಿ ಕೂರಿಸಬೇಕೋ, ಊರ ಕಟ್ಟೆಯ ಮೇಲೆ ಎಲ್ಲರೂ ಬಂದು ಮುತ್ತಿದಾಗ ಯಾವ ಮುಖದಿಂದ ನಿಲ್ಲಬೇಕೋ, ಒಂದೂ ಹನಮಂತಪ್ಪನಿಗೆ ತಿಳಿಯುತ್ತಿರಲಿಲ್ಲ. ಹೊಸ್ತಿಲಿನಿಂದ ಹಿಮ್ಮಡಿ ಕಿತ್ತು ಮತ್ತೆ ಒಳಗೆ ಬಂದ. ಪೆಟ್ಟಿಗೆಯ ಹತ್ತಿರ ನಿಂತು, ಚೀಲದ ಗಂಟು ಬಿಚ್ಚಿದ.  ಹಸಿರು ಸೀರೆ ಹೊರಬಂದಾಗ ಟ್ರಂಕಿನಲ್ಲಿ ನಾಲ್ಕು ವರ್ಷ ಇದ್ದ ಕರ್ಪೂರದ ವಾಸನೆ ಕೋಣೆಯಲ್ಲಿ ಹರಡಿತು.

"ಯಲ್ಲಪ್ಪ," ಎಂದ, ಪೇದೆಯತ್ತ ನೋಡದೆಯೇ. "ಆ ಚಾದರ ಒಂದೀಟು ಅಡ್ಡ ಹಿಡಿಯಪಾ. ಯಾರಿಗೂ ಕಾಣಬಾರದು."

ಯಲ್ಲಪ್ಪ ಸಾಹೇಬರ ಮುಖ ನೋಡಿದ. ಸಾಹೇಬರು ಆಗಲೇ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕುಳಿತಿದ್ದರು. ಅವನು ಚಾದರದ ಎರಡು ತುದಿ ಹಿಡಿದು ತೋಳು ಅಗಲಿಸಿ ನಿಂತ, ತಾನೂ ಮುಖ ಪಕ್ಕಕ್ಕೆ ಹೊರಳಿಸಿದ. ಚಾದರದ ಆಚೆ ಸೀರೆಯ ನೆರಿಗೆ ಹಿಡಿಯುವ ಸದ್ದು, ಬಳೆಯಿಲ್ಲದ ಕೈ ಕಲ್ಲಿನ ಮೇಲೆ ಸರಿದಾಡುವ ಸದ್ದು. ನಡುವೆ ಒಮ್ಮೆ, ಚಳಿಯಾತೇನವಾ ಎಂದು ಯಾರೋ ಯಾರನ್ನೋ ಮೆಲ್ಲಗೆ ಕೇಳಿದರು. ಯಲ್ಲಪ್ಪನ ತೋಳು ನೋಯತೊಡಗಿದವು. ಅವನು ಇಳಿಸಲಿಲ್ಲ.